ಗಾಳದ ಹವ್ಯಾಸದಿಂದ ಗೈಡ್ ವೃತ್ತಿಗೆ: ಗೋವಾದ ಅಳಿವೆಗಳಲ್ಲಿ ಹೆಜ್ಜೆ ಹೆಜ್ಜೆಯಾಗಿ

ವಾಸ್ಕೊ, ಫೋಂಡಾ, ಮಡಗಾಂವ್‌ಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಗಾಳದ ಹುಚ್ಚು ಹಿಡಿದವರು ಕಡಿಮೆಯಿಲ್ಲ. ಊರಿನ ಕೆರೆಯಂಗಳದಲ್ಲಿ ಬಿದಿರ ಕೋಲಿಗೆ ಎರೆಹುಳ ಸಿಕ್ಕಿಸಿ ಕಲಿತ ಆಟವನ್ನು ಫ್ಲೈ ಫಿಶಿಂಗ್‌ವರೆಗೆ ಬೆಳೆಸಿಕೊಂಡು, ರಜೆ ಸಿಕ್ಕ ದಿನವೆಲ್ಲ ಜುವಾರಿಯ ದಂಡೆಯಲ್ಲಿ ಕಳೆಯುವವರು, ಇದನ್ನೇ ಹೊಟ್ಟೆಪಾಡಿನ ಕಸುಬಾಗಿ ಮಾಡಿಕೊಳ್ಳಬಹುದೇ ಎಂದು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ. ಮಾಡಿಕೊಳ್ಳಬಹುದು. ಆದರೆ ಗೈಡ್ ಆದವನು ತನ್ನ ಕೋಲನ್ನು ಕೆಳಗಿಟ್ಟು, ತನಗೆ ಗೊತ್ತಿರುವ ನೀರನ್ನು ಇನ್ನೊಬ್ಬರ ಕೈಗೆ ಕೊಡಬೇಕಾಗುತ್ತದೆ. ಆ ನೀರು ಎಷ್ಟರಮಟ್ಟಿಗೆ ಗೊತ್ತಿದೆ ಎಂಬುದರ ಮೇಲೆ ಈ ವೃತ್ತಿಯ ಏಳುಬೀಳು ನಿಂತಿದೆ. ಹಿಡಿದ ಮೀನುಗಳ ಫೋಟೊಗಳ ಮೇಲೆ ನಿಂತಿಲ್ಲ.

ಫ್ಲೈ ಫಿಶಿಂಗ್ ಪರಿಚಯ ಇಲ್ಲದವರಿಗಾಗಿ ಒಂದು ಮಾತು. ಸಾಮಾನ್ಯ ಗಾಳದಲ್ಲಿ ತುದಿಯ ಸೀಸ ಅಥವಾ ಕೃತಕ ಮೀನಿನ ಭಾರವೇ ದಾರವನ್ನು ದೂರಕ್ಕೆ ಎಳೆದೊಯ್ಯುತ್ತದೆ. ಇಲ್ಲಿ ಕೊಕ್ಕೆಗೆ ಕೂದಲು, ಗರಿ ಸುತ್ತಿ ಕಟ್ಟಿದ ಫ್ಲೈಗೆ ಹೇಳಿಕೊಳ್ಳುವಷ್ಟು ತೂಕವಿರುವುದಿಲ್ಲ; ದಪ್ಪನೆಯ ದಾರದ ತೂಕವೇ ಅದನ್ನು ಹೊತ್ತೊಯ್ಯುತ್ತದೆ. ಹಿಮಾಚಲದ ತೀರ್ಥನ್ ಕಣಿವೆಯಲ್ಲಿ ಟ್ರೌಟ್ ಮೀನಿಗಾಗಿ ಇದೇ ವಿದ್ಯೆಯನ್ನು ಬಳಸುತ್ತಾರೆ. ಗೋವಾದಲ್ಲಿ ಟ್ರೌಟ್ ಇಲ್ಲ. ಇಲ್ಲಿನ ಅಳಿವೆಗಳಲ್ಲಿ ಫ್ಲೈಗೆ ಎರಗುವ ಮುಖ್ಯ ಮೀನುಗಳೆಂದರೆ ಇಂಗ್ಲಿಷಿನವರು ಬಾರಾಮುಂಡಿ ಎನ್ನುವ ಚೊಣಕ್ ಮತ್ತು ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ಬೇರಿನಡಿ ಅವಿತಿರುವ ತಾಮ್ಸೊ, ಅಂದರೆ ನಮ್ಮ ಕರಾವಳಿಯ ಕೆಂಬೇರಿ.

ಮೊದಲ ಹೆಜ್ಜೆ: ಒಂದು ತುಂಡು ನೀರನ್ನು ಓದುವುದು

ಖಾನಾಪುರದ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟಿ ಇಲ್ಲಿ ಮಾಂಡೋವಿಯಾಗುವ ನದಿ, ಜುವಾರಿ, ಶಾಪೋರಾ, ಸಾಳ್, ತಳಪಣ, ಗಾಲಜಿಬಾಗ್ ಎಲ್ಲವನ್ನೂ ಬಲ್ಲೆನೆಂದು ಹೊರಡುವವರು ಯಾವುದನ್ನೂ ಸರಿಯಾಗಿ ಅರಿಯುವುದಿಲ್ಲ. ಮೊದಲ ವರ್ಷ ಎರಡು ಮೂರು ಕಿಲೋಮೀಟರಿನ ಒಂದು ಹರಿವನ್ನು ಆರಿಸಿಕೊಳ್ಳಿ, ಅಷ್ಟು ಸಾಕು. ಅಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ದಿನದಿಂದ ದಿನಕ್ಕೆ ಅದರ ಸಮಯ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರಿನ ಏರಿಳಿತ ದೊಡ್ಡದು, ಅಷ್ಟಮಿಯ ಸುತ್ತಮುತ್ತ ಚಿಕ್ಕದು. ಸರ್ವೆ ಆಫ್ ಇಂಡಿಯಾ ಪ್ರತಿವರ್ಷ ಪ್ರಕಟಿಸುವ ಉಬ್ಬರವಿಳಿತದ ಕೋಷ್ಟಕದಲ್ಲಿ ಮುರಗಾಂವ್ ಬಂದರಿನ ಸಮಯಗಳಿರುತ್ತವೆ. ಆದರೆ ಬಂದರಿನಲ್ಲಿ ತುಂಬಿದ ನೀರು ಒಳನಾಡಿನ ನಿಮ್ಮ ತಿರುವಿಗೆ ಬಂದು ಮುಟ್ಟುವಾಗ ತಡವಾಗಿರುತ್ತದೆ. ಎಷ್ಟು ತಡ ಎಂಬುದನ್ನು ಯಾವ ಕೋಷ್ಟಕವೂ ಹೇಳಿಕೊಡದು. ದಂಡೆಯಲ್ಲಿ ಗುರುತು ಕೆತ್ತಿದ ಒಂದು ಬಿದಿರನ್ನು ನೆಟ್ಟು, ನೀರು ತಿರುಗುವ ಹೊತ್ತನ್ನು ವಾರಗಟ್ಟಲೆ ಬರೆದಿಟ್ಟುಕೊಂಡರೆ ಮಾತ್ರ ಅದು ನಿಮಗೆ ದಕ್ಕುತ್ತದೆ.

ಇದು ಎಷ್ಟು ಮುಖ್ಯವೆಂಬುದು, ನದಿಯ ಉಪ್ಪುನೀರನ್ನು ಬದು ಕಟ್ಟಿ ತಡೆದು ಮಾಡಿದ ಖಾಜನ್ ಗದ್ದೆಗಳ ಬದುವಿನ ಮೇಲೆ ನಿಂತಾಗ ತಿಳಿಯುತ್ತದೆ. ಅಘನಾಶಿನಿಯ ದಡದ ಗಜನಿ ಗದ್ದೆಗಳನ್ನು ಕಂಡವರಿಗೆ ಈ ವ್ಯವಸ್ಥೆ ಹೊಸದಲ್ಲ. ಬದುವಿನ ನಡುವೆ ‘ಮಾನಸ್’ ಎಂಬ ತೂಬು ಇರುತ್ತದೆ. ನದಿಯ ನೀರು ಏರಿದಾಗ ಆ ಒತ್ತಡಕ್ಕೇ ಮರದ ಬಾಗಿಲು ಮುಚ್ಚಿಕೊಳ್ಳುತ್ತದೆ. ನದಿ ಇಳಿದಾಗ ಒಳಗಿನ ನೀರು ಬಾಗಿಲನ್ನು ತಳ್ಳಿಕೊಂಡು ಹೊರಗೆ ನುಗ್ಗುತ್ತದೆ. ಆ ನೀರಿನ ಜೊತೆ ಸಿಗಡಿ, ಮರಿಮೀನುಗಳೂ ಬರುತ್ತವೆ. ತೂಬಿನ ಮುಂದೆ ನೀರು ಕೊರೆದ ಗುಂಡಿಯಿರುತ್ತದೆ. ಅದರ ಅಂಚಿನಲ್ಲಿ, ಓಡುವ ನೀರು ಮತ್ತು ನಿಂತ ನೀರು ಕೂಡುವ ಗೆರೆಯಲ್ಲಿ, ಚೊಣಕ್ ತಲೆಯನ್ನು ಸೆಳವಿಗೆ ಎದುರಾಗಿಟ್ಟು ಕಾಯುತ್ತದೆ. ಇಳಿತ ಶುರುವಾದ ಕೂಡಲೇ ಅಲ್ಲಿ ಏನೂ ಕಾಣುವುದಿಲ್ಲ. ಸೆಳವು ಬಿರುಸಾದ ಮೇಲೆ ನೀರಿನಡಿಯಿಂದ ‘ಟಪ್’ ಎಂಬ ಗಟ್ಟಿ ಸದ್ದು ಕೇಳಿಸತೊಡಗುತ್ತದೆ. ಅದು ಮೀನು ಬಾಯಿ ತೆರೆದು ನೀರಿನೊಂದಿಗೆ ಸಿಗಡಿಯನ್ನು ಒಳಗೆಳೆದುಕೊಳ್ಳುವ ಸದ್ದು. ನೀರು ತೀರ ಇಳಿದ ಮೇಲೆ ಮತ್ತೆ ಎಲ್ಲವೂ ನಿಲ್ಲುತ್ತದೆ. ನಿಮ್ಮ ಅತಿಥಿ ಹಣ ಕೊಡುವುದು ಈ ನಡುವಿನ ಹೊತ್ತಿಗೆ. ಆ ಹೊತ್ತು ಇಂದು ಯಾವಾಗ ಬರುತ್ತದೆ ಎಂದು ಹೇಳಬಲ್ಲವನೇ ಗೈಡ್.

ಆದ್ದರಿಂದ ಒಂದು ದಾಖಲೆ ಪುಸ್ತಕವನ್ನು ಇಡಿ. ತಿಥಿ, ಉಬ್ಬರದ ಸಮಯ, ನೀರಿನ ಬಣ್ಣ, ಗಾಳಿಯ ದಿಕ್ಕು, ಮೀನು ಕಂಡ ಜಾಗ, ಬಳಸಿದ ಫ್ಲೈ ಎಲ್ಲವೂ ಅದರಲ್ಲಿರಲಿ. ಮೀನು ಸಿಗದ ದಿನಗಳ ವಿವರವನ್ನು ಇನ್ನೂ ಜೋಪಾನವಾಗಿ ಬರೆಯಿರಿ, ಏಕೆಂದರೆ ಅತಿಥಿಗೆ ಯಾವ ದಿನ ಬರಬೇಡಿ ಎಂದು ಹೇಳಲು ಮುಂದೆ ಬೇಕಾಗುವುದು ಅದೇ.

ಎರಡನೆಯದು: ಆ ನೀರಿನ ಮೇಲೆ ಬದುಕುವವರ ಒಪ್ಪಿಗೆ

ಮಾನಸ್ ಬಳಿ ಮೀನು ಹಿಡಿಯುವ ಹಕ್ಕು ಸಾಮಾನ್ಯವಾಗಿ ಹರಾಜಾಗುತ್ತದೆ; ಅದನ್ನು ಪಡೆದವರು ಹಣ ಕಟ್ಟಿರುತ್ತಾರೆ. ಅವರನ್ನು ಕೇಳದೆ ಪ್ರವಾಸಿಯನ್ನು ಕರೆತಂದು ನಿಲ್ಲಿಸುವುದು ತಪ್ಪು. ಅಲ್ಲದೆ ನಾವು ಇಲ್ಲಿಗೆ ದುಡಿಯಲು ಬಂದವರು. ಬಲೆ ಹಾಕುವವರ, ದೋಣಿಯವರ, ತೂಬು ಕಾಯುವವರ ಪರಿಚಯವನ್ನು ಮೊದಲು ಮಾಡಿಕೊಳ್ಳಿ. ಕೊಂಕಣಿಯಲ್ಲಿ ನಾಲ್ಕು ಮಾತಾಡುವಷ್ಟು ಕಲಿಯಿರಿ. ಸ್ವಂತ ದೋಣಿಗೆ ಸಾಲ ಮಾಡುವ ಬದಲು ಆರಂಭದಲ್ಲಿ ಸ್ಥಳೀಯ ದೋಣಿಕಾರರೊಬ್ಬರನ್ನು ದಿನಗೂಲಿಗೆ ಅಥವಾ ಪಾಲಿಗೆ ಸೇರಿಸಿಕೊಳ್ಳುವುದು ಎಲ್ಲ ರೀತಿಯಿಂದಲೂ ಒಳ್ಳೆಯದು ಎಂಬುದು ನನ್ನ ದೃಢ ಅಭಿಪ್ರಾಯ. ಕಲ್ಲೆಲ್ಲಿದೆ, ಮರಳು ಈ ಮಳೆಗಾಲದಲ್ಲಿ ಎಲ್ಲಿಗೆ ಸರಿದಿದೆ ಎಂಬುದು ಅವರಿಗೆ ಗೊತ್ತು. ಕಾವೇರಿ ತೀರದ ಭೀಮೇಶ್ವರಿ, ಗಾಲಿಬೋರೆ ಶಿಬಿರಗಳಲ್ಲಿ ಮಹಶೀರ್ ಮೀನು ಹಿಡಿಯಲು ಬಂದವರಿಗೆ ದಾರಿ ತೋರಿಸಿದವರು ಸುತ್ತಲಿನ ಹಳ್ಳಿಗಳ ಜನರೇ. ಅವರಲ್ಲಿ ಕೆಲವರು ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರು.

ಮೂರನೆಯದು: ಕಾಗದಪತ್ರ

ಆ ಕಾವೇರಿಯ ಕಥೆಯಲ್ಲೇ ಇನ್ನೊಂದು ಪಾಠವೂ ಇದೆ. 2010ರ ದಶಕದ ಆರಂಭದಲ್ಲಿ ವನ್ಯಜೀವಿ ಧಾಮದೊಳಗೆ ಗಾಳ ಹಾಕುವುದಕ್ಕೆ ತಡೆ ಬಿದ್ದಾಗ, ಹಿಡಿದ ಮೀನನ್ನು ಅಲ್ಲೇ ಬಿಡುತ್ತಿದ್ದರೂ ಆ ಶಿಬಿರಗಳ ಗಾಳದ ಆಟ ನಿಂತಿತು, ಅದನ್ನೇ ನಂಬಿದ್ದ ಗೈಡುಗಳ ಸಂಪಾದನೆಯೂ ನಿಂತಿತು. ಗೋವಾದಲ್ಲಿ ಚೋಡಣ್ ದ್ವೀಪದ ಸಲೀಂ ಅಲಿ ಪಕ್ಷಿಧಾಮ, ಮಹದಾಯಿ, ನೇತ್ರಾವಳಿ, ಖೋತಿಗಾಂವ್ ಮುಂತಾದ ಧಾಮಗಳ ಗಡಿಯನ್ನು ನಕ್ಷೆಯಲ್ಲಿ ಗುರುತಿಸಿಕೊಂಡು, ಅದರಾಚೆಗೆ ಮಾತ್ರ ವೃತ್ತಿಯನ್ನು ಕಟ್ಟಿರಿ.

ಪ್ರವಾಸಿ ವ್ಯವಹಾರ ನಡೆಸುವವರ ನೋಂದಣಿಗೆ ರಾಜ್ಯದಲ್ಲಿ 1982ರ ಕಾಯ್ದೆಯಿದೆ. ಗೈಡುಗಳೂ ಅದರ ವ್ಯಾಪ್ತಿಗೆ ಬರುತ್ತಾರೆ, ಅರ್ಜಿ ಪ್ರವಾಸೋದ್ಯಮ ಇಲಾಖೆಗೆ. ಒಳನಾಡು ಜಲಸಾರಿಗೆಯ ದೋಣಿಗಳ ವಿಷಯ ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಯದು, 2021ರ ಒಳನಾಡು ಹಡಗುಗಳ ಕಾಯ್ದೆ ಇದಕ್ಕೆ ಆಧಾರ. ಮೀನುಗಾರಿಕಾ ನಿರ್ದೇಶನಾಲಯಕ್ಕೆ ನಿಮ್ಮ ಚಟುವಟಿಕೆಯನ್ನು ವಿವರಿಸಿ ಪತ್ರ ಬರೆದು ಲಿಖಿತ ಉತ್ತರವನ್ನೇ ಪಡೆಯಿರಿ. ಬಾಯಿಮಾತಿನ ಅನುಮತಿಯನ್ನು ನಂಬಿ ಮುಂಗಡ ಹಣ ತೆಗೆದುಕೊಳ್ಳಬೇಡಿ. ತರಬೇತಿಗೆ ಪಣಜಿ ಬಳಿಯ ಕರಂಜಾಳೆಯಲ್ಲಿರುವ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ದೋಣಿ ಚಾಲನೆ ಮತ್ತು ಜೀವರಕ್ಷಣೆಯ ಕೋರ್ಸುಗಳಿವೆ. ಕಿರು, ಸಣ್ಣ ಉದ್ಯಮಗಳಿಗಾಗಿ ಇರುವ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸೇವೆಗಳಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ.

ನಾಲ್ಕನೆಯದು: ಕಲಿಸುವುದನ್ನು ಕಲಿಯುವುದು

ಸಲಕರಣೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಒಂಬತ್ತು ಅಡಿಯ, ಎಂಟು ಅಥವಾ ಒಂಬತ್ತನೆಯ ತೂಕದ (ಇದು ರಾಡಿನದಲ್ಲ, ಅದು ಬೀಸುವ ದಾರದ ತೂಕದ ಸಂಖ್ಯೆ) ರಾಡುಗಳು ಎರಡು, ಉಪ್ಪುನೀರಿಗೆ ತಡೆಯುವ ರೀಲು, ನಿಧಾನವಾಗಿ ಮುಳುಗುವ ದಾರ, ಕೊನೆಗೆ ದಪ್ಪ ಫ್ಲೂರೋಕಾರ್ಬನ್ ಎಳೆ, ಏಕೆಂದರೆ ಚೊಣಕಿನ ಬಾಯಿ ಮತ್ತು ಕಿವಿರಿನ ಅಂಚು ತೆಳುವಾದ ದಾರವನ್ನು ಉಳಿಸುವುದಿಲ್ಲ. ಭಾರದ ಕಣ್ಣುಗಳಿರುವ ಕ್ಲೌಸರ್ ಮಿನೋ ಮಾದರಿಯ ಫ್ಲೈಗಳನ್ನು ನೀವೇ ಕಟ್ಟಲು ಕಲಿತರೆ ಖರ್ಚು ಬಹಳ ಉಳಿಯುತ್ತದೆ. ಕಾಂಡ್ಲದ ಬೇರುಗಳು ದಿನಕ್ಕೆ ಹಲವನ್ನು ನುಂಗುತ್ತವೆ.

ಕಲಿಸುವ ಕೆಲಸ ಬೇರೆಯೇ ವಿದ್ಯೆ. ಅತಿಥಿಯನ್ನು ನೇರವಾಗಿ ದೋಣಿಗೆ ಹತ್ತಿಸದೆ ಹುಲ್ಲಿನ ಬಯಲಿನಲ್ಲಿ ಅರ್ಧ ಗಂಟೆ ನಿಲ್ಲಿಸಿ, ಕೊಕ್ಕೆಯ ಬದಲು ಉಣ್ಣೆಯ ದಾರದ ತುಂಡು ಕಟ್ಟಿ ಬೀಸಲು ಹೇಳಿ. ಹೊಸಬರೆಲ್ಲ ಹಿಂದಕ್ಕೆ ಬೀಸಿದ ದಾರ ಪೂರ್ತಿ ಚಾಚಿಕೊಳ್ಳುವ ಮೊದಲೇ ಮುಂದಕ್ಕೆ ತಳ್ಳುತ್ತಾರೆ. ಆಗ ಎತ್ತು ಹೊಡೆಯುವವನ ಬಾರುಕೋಲಿನಂತೆ ಚಟ್ ಎಂಬ ಸದ್ದು ಬರುತ್ತದೆ, ಫ್ಲೈ ಹರಿದುಹೋಗುತ್ತದೆ. ಕತ್ತು ತಿರುಗಿಸಿ ತಮ್ಮ ದಾರವನ್ನು ತಾವೇ ನೋಡಲು ಹೇಳಿ. ಬಾಯಲ್ಲಿ ಎಷ್ಟು ವಿವರಿಸಿದರೂ ಆಗದ್ದು ಆ ಒಂದು ನೋಟದಿಂದ ಆಗುತ್ತದೆ. ಟ್ರೌಟ್ ಹಿಡಿದು ಬಂದ ಅನುಭವಿಗಳಿಗೆ ಬೇರೊಂದು ತೊಂದರೆ: ಮೀನು ಕಚ್ಚಿದೊಡನೆ ರಾಡನ್ನು ಮೇಲಕ್ಕೆತ್ತುತ್ತಾರೆ. ಚೊಣಕಿನ ಗಟ್ಟಿ ಬಾಯಿಗೆ ಅದು ಸಾಲದು. ರಾಡನ್ನು ನೀರಿನ ಕಡೆಗೇ ನೇರವಾಗಿಟ್ಟು, ಎಡಗೈಯಿಂದ ದಾರವನ್ನು ಉದ್ದಕ್ಕೆ ಜಗ್ಗಬೇಕು. ಇದನ್ನು ದೋಣಿ ಹೊರಡುವ ಮೊದಲೇ ನೀವು ಒಮ್ಮೆ ಮೀನಿನಂತೆ ದಾರ ಎಳೆದು ಅಭ್ಯಾಸ ಮಾಡಿಸಿ.

ಬೆಳಗಿನ ಹೊತ್ತು ಗಾಳಿ ನೆಲದ ಕಡೆಯಿಂದ ಮೆಲ್ಲಗೆ ಬೀಸುತ್ತದೆ, ಮಧ್ಯಾಹ್ನದ ಮೇಲೆ ಕಡಲಗಾಳಿ ಜೋರಾಗುತ್ತದೆ. ಬಲಗೈಯವರ ಬಲಭುಜಕ್ಕೆ ಗಾಳಿ ಬಡಿಯುವಂತಿದ್ದರೆ ಕೊಕ್ಕೆ ಅವರ ಮುಖದತ್ತಲೇ ಬರುತ್ತದೆ. ದೋಣಿಯನ್ನು ತಿರುಗಿಸಿ ನಿಲ್ಲಿಸುವುದು ನಿಮ್ಮ ಹೊಣೆ. ಟೋಪಿ ಮತ್ತು ಕನ್ನಡಕ ಹಾಕದವರಿಗೆ ರಾಡ್ ಕೊಡಬೇಡಿ.

ಐದನೆಯದು: ಮೀನನ್ನು ಬಿಡುವುದು, ಮನುಷ್ಯರನ್ನು ಕಾಯುವುದು

ಚೊಣಕ್ ಹುಟ್ಟುವಾಗ ಬಹುತೇಕ ಗಂಡು. ಕೆಲವು ವರ್ಷ ಬೆಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಹಾಗಾಗಿ ಅಳಿವೆಯ ದೊಡ್ಡ ಚೊಣಕುಗಳಲ್ಲಿ ಬಹುತೇಕ ಮೊಟ್ಟೆ ಇಡುವ ತಾಯಂದಿರು. ಅವನ್ನು ಕೊಂದು ತೂಗುಹಾಕಿ ಫೋಟೊ ತೆಗೆಸುವ ಗೈಡ್ ತನ್ನ ಮುಂದಿನ ವರ್ಷಗಳ ಅನ್ನವನ್ನೇ ಮಾರಿಕೊಳ್ಳುತ್ತಾನೆ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ, ಗಂಟಿಲ್ಲದ ರಬ್ಬರ್ ಬಲೆ ಬಳಸಿ, ಕೈ ಒದ್ದೆ ಮಾಡಿಕೊಂಡು ಹೊಟ್ಟೆಯಡಿ ಆಸರೆ ಕೊಟ್ಟು ಅಡ್ಡವಾಗಿ ಹಿಡಿಯಿರಿ. ಕಿವಿರಿನ ಮುಚ್ಚಳ ಬ್ಲೇಡಿನಷ್ಟು ಹರಿತವಾದ್ದರಿಂದ ಅಲ್ಲಿ ಬೆರಳು ಹಾಕಬಾರದು. ಏಪ್ರಿಲ್, ಮೇ ತಿಂಗಳ ಬಿಸಿನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆ. ಆಗ ಮೀನನ್ನು ಹೆಚ್ಚು ಹೊತ್ತು ಆಡಿಸದೆ ಬೇಗ ಎಳೆದು, ತಲೆಯನ್ನು ಸೆಳವಿಗೆ ಎದುರಾಗಿ ಹಿಡಿದು, ಅದಾಗಿಯೇ ಬಾಲ ಬೀಸಿ ಹೊರಡುವವರೆಗೆ ಕಾಯಬೇಕು.

ಜೀವರಕ್ಷಕ ಜಾಕೆಟ್ ದೋಣಿಯಲ್ಲಿ ಇದ್ದರೆ ಸಾಲದು, ಎಲ್ಲರ ಮೈಮೇಲೆ ಇರಬೇಕು. ಮಾಂಡೋವಿ, ಜುವಾರಿಗಳನ್ನು ಕೂಡಿಸುವ ಕುಂಭಾರಜುವೆ ಕಾಲುವೆಯಲ್ಲಿ ಮೊಸಳೆಗಳಿವೆ. ಅಲ್ಲಿ ಯಾರನ್ನೂ ನೀರಿಗೆ ಇಳಿಸಬೇಡಿ. ಬೇರೆಡೆ ಮರಳಿನಲ್ಲಿ ಇಳಿಯುವಾಗ ಹೆಜ್ಜೆ ಎತ್ತಿಡದೆ ಪಾದ ಎಳೆದುಕೊಂಡು ನಡೆದರೆ ಬಾಲದಲ್ಲಿ ವಿಷದ ಮುಳ್ಳಿರುವ ತೊರಕೆ ಮೀನು ತಾನೇ ಸರಿದುಹೋಗುತ್ತದೆ. ತೊರಕೆಯೋ ಮುಳ್ಳಿನ ಮೀನೋ ಚುಚ್ಚಿದರೆ, ಗಾಯವನ್ನು ಚರ್ಮ ಸುಡದಷ್ಟು, ಆದರೆ ತಡೆಯಬಲ್ಲಷ್ಟು ಬಿಸಿಯ ನೀರಿನಲ್ಲಿ ಅದ್ದಿಡುವುದರಿಂದ ನೋವು ಇಳಿಯುತ್ತದೆ. ಆಮೇಲೆ ಆಸ್ಪತ್ರೆಗೆ ಕರೆದೊಯ್ಯಿರಿ. ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯುವುದು ಚಹಾಕ್ಕಾಗಿ ಮಾತ್ರವಲ್ಲ. ತುರ್ತು ಕರೆಗೆ 112, ಸಮುದ್ರದಲ್ಲಿ ಕರಾವಳಿ ಕಾವಲು ಪಡೆಯ 1554 ಸಂಖ್ಯೆಗಳನ್ನು ದೋಣಿಯ ಮೇಲೆಯೇ ಬರೆಸಿ.

ಕೊನೆಯದು: ದರ ಮತ್ತು ದಿನಾಂಕ

ದರ ನಿಗದಿ ಮಾಡುವಾಗ ಬೇರೆಯವರದನ್ನು ನೋಡಿ ಹೇಳಬೇಡಿ. ದೋಣಿಯವರ ಕೂಲಿ, ಇಂಧನ, ವಿಮೆ, ಕಳೆದುಹೋಗುವ ಫ್ಲೈಗಳು, ಉಪ್ಪು ತಿಂದು ಹಾಳಾಗುವ ರೀಲು ಇವನ್ನೆಲ್ಲ ಕೂಡಿಸಿ. ಅದರ ಮೇಲೆ ದುಡಿಮೆಯಿಲ್ಲದ ತಿಂಗಳುಗಳ ಮನೆಖರ್ಚನ್ನೂ ಹಂಚಿಹಾಕಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧವಿರುತ್ತದೆ; ನದಿಗಳು ಕೆಂಪಗೆ ತುಂಬಿ ಹರಿಯುವ ಮಳೆಗಾಲದಲ್ಲಿ ಹೇಗೂ ಫ್ಲೈ ಕೆಲಸ ಮಾಡದು. ಅಕ್ಟೋಬರ್‌ನಿಂದ ಮೇವರೆಗಿನ ದುಡಿಮೆ ಇಡೀ ವರ್ಷಕ್ಕೆ ಆಗಬೇಕು. ಹೀಗಾಗಿ ಮೊದಲ ಎರಡು ಮೂರು ವರ್ಷ ಇರುವ ನೌಕರಿಯನ್ನು ಬಿಡದೆ ವಾರಾಂತ್ಯಗಳಲ್ಲಿ ಮಾತ್ರ ನಡೆಸುವುದು ಕ್ಷೇಮ.

ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರುಗಳಿಂದ ಗೋವಾಕ್ಕೆ ಬರುವ ಕುಟುಂಬಗಳಲ್ಲಿ ಕನ್ನಡದಲ್ಲಿ ವಿವರಿಸಿ ಹೇಳುವ ಗೈಡ್‌ಗೆ ಬೇಡಿಕೆಯಿದೆ. ಹನ್ನೆರಡು ವರ್ಷದ ಮಗುವಿಗೆ ಅದರ ಭಾಷೆಯಲ್ಲಿಯೇ ಸೆಳವು ಎಂದರೇನೆಂದು ತೋರಿಸುವುದು ಈ ವೃತ್ತಿಯ ಅತಿ ಸಂತೋಷದ ಕೆಲಸ. ಆದರೆ ಅವರು ತಮಗೆ ರಜೆಯಿರುವ ದಿನ ಕೇಳುತ್ತಾರೆ, ನೀರು ಅದನ್ನು ಕೇಳುವುದಿಲ್ಲ. ಆದ್ದರಿಂದ ಮಳೆಗಾಲದಲ್ಲಿಯೇ ಕೋಷ್ಟಕ ಮತ್ತು ನಿಮ್ಮ ದಾಖಲೆ ಪುಸ್ತಕವನ್ನು ಎದುರಿಗಿಟ್ಟುಕೊಂಡು, ಬೆಳಗಿನ ಹೊತ್ತಿನಲ್ಲಿ ಇಳಿತ ಬೀಳುವ ಶನಿವಾರ, ಭಾನುವಾರಗಳನ್ನು ಮೇ ತಿಂಗಳವರೆಗೂ ಗುರುತಿಸಿ. ಆ ದಿನಾಂಕಗಳ ಪಟ್ಟಿಯನ್ನು ಆಗಸ್ಟ್ ಕೊನೆಯೊಳಗೆ ಹಳೆಯ ಅತಿಥಿಗಳಿಗೂ ಪರಿಚಯದ ಹೋಟೆಲ್, ಹೋಮ್‌ಸ್ಟೇಗಳಿಗೂ ಕಳುಹಿಸಿ, ಮುಂಗಡ ಪಡೆದ ದಿನಗಳನ್ನು ದೋಣಿಯವರಿಗೆ ಅಂದೇ ತಿಳಿಸಿ.