ಹಟ್ಟಿಯಲ್ಲಿ ದಡಾರದ ಲಸಿಕೆ ತಪ್ಪಿದ ಮಕ್ಕಳನ್ನು ಹುಡುಕುವುದು ಹೇಗೆ?

ಮೊದಲು ರಿಜಿಸ್ಟರ್ ಮುಚ್ಚಿಡಿ. ಪಾವಗಡ, ಶಿರಾ ಕಡೆಯ ಗೊಲ್ಲರಹಟ್ಟಿಗೋ ತಾಂಡಾಕ್ಕೋ ಹೋಗುವ ಆಶಾ, ಅಂಗನವಾಡಿಯವರಿಗೆ ನಾನು ಹೇಳುವುದು ಇದೇ. ಹೆಸರೇ ಇಲ್ಲದ ಮಗುವನ್ನು ರಿಜಿಸ್ಟರ್‌ನಲ್ಲಿ ಹುಡುಕಿದರೆ ಸಿಗುತ್ತಾ? ಹೆರಿಗೆಗೆ ತವರಿಗೆ ಹೋಗಿ ಅಲ್ಲೇ ಉಳಿದವಳ ಮಗು, ಕುರಿ ಹಿಂದೆ ಹೊರಟವರ ಮಗು, ಮಾಲೂರಿನ ಇಟ್ಟಿಗೆ ಗೂಡಿಗೆ ದುಡಿಯಲು ಹೋದವರ ಮಗು, ಇವು ಎರಡೂ ಊರಿನ ಲೆಕ್ಕದಲ್ಲಿ ಇರಲ್ಲ. ಅದಕ್ಕೇ ಮನೆ ಎಣಿಸಿ. ಬೆಳಿಗ್ಗೆ 7ರೊಳಗೆ ಹೋಗಿ, ಇಲ್ಲಾಂದ್ರೆ ದೀಪ ಹಚ್ಚೋ ಹೊತ್ತಿಗೆ. 11 ಗಂಟೆಗೆ ಹೋದರೆ ಸಿಗೋದು ಬೀಗ.

'ಲಸಿಕೆ ಹಾಕಿಸಿದ್ದೀರಾ' ಅಂತ ಕೇಳಬೇಡಿ. 'ಆಯ್ತಲ್ಲಕ್ಕ' ಅಂತಾರೆ, ಪೋಲಿಯೋ ಹನಿಯೂ ಅವರ ಲೆಕ್ಕಕ್ಕೆ ಲಸಿಕೆಯೇ. ತಾಯಿ ಕಾರ್ಡ್ ಕೇಳಿ. ಎಂ.ಆರ್. (ದಡಾರ-ರುಬೆಲ್ಲಾ ಲಸಿಕೆ) ಸಾಲು ನೋಡಿ: 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಪಾವಗಡದಲ್ಲಿ ಕಾರ್ಡ್ ತೆಲುಗಿನಲ್ಲೂ ಇರಬಹುದು, ಗಾಬರಿ ಬೇಡ, ತಾರೀಕು ಓದಿದರೆ ಸಾಕು. ಕಾರ್ಡ್ ಇಲ್ಲ ಅಂದರೆ ಎಡತೋಳಿನ ಕಲೆ ತೋರಿಸುತ್ತಾರೆ. ಅದು ಹುಟ್ಟಿದಾಗ ಹಾಕಿದ ಬಿ.ಸಿ.ಜಿ., ಅಂದರೆ ಕ್ಷಯದ ಲಸಿಕೆಯ ಕಲೆ. ದಡಾರದ ಸೂಜಿ ಬಲತೋಳಿಗೆ, ಅದು ಅಂಥ ಕಲೆ ಬಿಡಲ್ಲ. ಗೊತ್ತಾಗದಿದ್ದರೆ ಹಾಕಿಲ್ಲ ಅಂತಲೇ ಬರೆದುಕೊಳ್ಳಿ, ಒಂದು ಡೋಸ್ ಜಾಸ್ತಿ ಆದರೂ ತೊಂದರೆ ಇಲ್ಲ. 5 ವರ್ಷದೊಳಗೆ ಎರಡೂ ತಪ್ಪಿದ್ದರೆ ತಿಂಗಳ ಅಂತರದಲ್ಲಿ ಎರಡೂ ಹಾಕಿಸಬಹುದು.

ಲಸಿಕೆಯ ಪುಡಿ ಕಲಸಿದ ಮೇಲೆ 4 ಗಂಟೆಯಷ್ಟೇ ಬಾಳಿಕೆ. ಅದಕ್ಕೆ ಒಂದು ಹಟ್ಟಿಯ ಮಕ್ಕಳನ್ನೆಲ್ಲ ಒಂದೇ ಹೊತ್ತಿಗೆ ಸೇರಿಸಿದರೆ ಸಿಸ್ಟರಿಗೂ ಅನುಕೂಲ. ಹಾಗಂತ ಒಂದೇ ಮಗು ಬಂದರೆ ವಾಪಸ್ ಕಳಿಸೋದು ತಪ್ಪು. ಒಮ್ಮೆ ನಾನೇ ಕರೆತಂದ ತಾಯಿಗೆ 'ಮುಂದಿನ ವಾರ ಬಾಮ್ಮ' ಅಂದುಬಿಟ್ಟರು. ಮುಂದಿನ ವಾರ ಅವಳು ಕಡಲೆಕಾಯಿ ಕೀಳೋಕೆ ಹೋಗಿದ್ದಳು. ಆಮೇಲೆ ಬರಲೇ ಇಲ್ಲ.

ಜ್ವರ, ಕೆಮ್ಮು, ಕೆಂಪು ಕಣ್ಣು, ಕಿವಿ ಹಿಂದಿನಿಂದ ಇಳಿಯುವ ಕೆಂಪು ದದ್ದು ಕಂಡರೆ ಅದೇ ದಿನ ಆಸ್ಪತ್ರೆಗೆ ತಿಳಿಸಿ. ಮನೆಯವರು 'ಅಮ್ಮ ಬಂದವಳೆ' ಅಂದರೆ ವಾದಕ್ಕಿಳಿಯಬೇಡಿ. ಬೇವಿನ ಸೊಪ್ಪು ಇರಲಿ ಬಿಡಿ, ಅದರ ಜೊತೆಗೆ ಎರಡು ದಿನ ವಿಟಮಿನ್ ಎ ಕುಡಿಸಬೇಕು ಅನ್ನಿ, ಕಣ್ಣು ಉಳಿಯೋಕೆ ಅದು ಬೇಕು. ದದ್ದು ಎದ್ದ ಮೇಲೆ 4 ದಿನ ಬೇರೆ ಮಕ್ಕಳು ಹತ್ತಿರ ಬರಬಾರದು. ಈ ರೋಗ ಗಾಳಿಯಲ್ಲೇ ಹರಡುತ್ತೆ, ಮಗು ಎದ್ದು ಹೋದ ಕೋಣೆಯಲ್ಲೂ 2 ಗಂಟೆ ಇರುತ್ತೆ. ತಂಪಿಗೆ ಅಂತ ಮಕ್ಕಳನ್ನು ಕರೆದು ಮೊಸರನ್ನ ಹಂಚುವ ರೂಢಿ ಇದ್ದರೆ, ಅದನ್ನು ಒಂದೆರಡು ವಾರ ಮುಂದಕ್ಕೆ ಹಾಕಿಸಿ.

ಸೂಜಿ ಹಾಕಿದ ವಾರದ ಮೇಲೆ ಸ್ವಲ್ಪ ಜ್ವರ ಬರಬಹುದು ಅಂತ ಮೊದಲೇ ಹೇಳಿ. ಹೇಳದಿದ್ದರೆ ಎರಡನೇ ಸಲ ಬಾಗಿಲೇ ತೆಗೆಯಲ್ಲ. ಎರಡನೇ ಡೋಸಿಗೆ ತಾರೀಕು ಹೇಳಿದರೆ ಮರೀತಾರೆ, 'ಮಾರಮ್ಮನ ಜಾತ್ರೆ ಆದ ಮೊದಲ ಗುರುವಾರ' ಅನ್ನಿ.