ಅಂಟಿಲ್ಲದ ಕೆಟಲ್: ಒಂದು ವಿನ್ಯಾಸದ ಅನುಭವ

ನೀರು ಕಾಯಿಸುವ ವಿದ್ಯುತ್ ಕೆಟಲೊಂದನ್ನು ಸುಸ್ಥಿರ ವಸ್ತುಗಳಿಂದ ರೂಪಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಹೆಚ್ಚಿನ ವಿನ್ಯಾಸಕಾರರಂತೆ ನಾನೂ ಮೊದಲು ವಸ್ತುಗಳ ಹುಡುಕಾಟಕ್ಕೆ ತೊಡಗಿದೆ. ಬಿದಿರು, ಕಾರ್ಕ್, ಅಗಸೆ ನಾರು ಬೆರೆಸಿದ ಪ್ಲಾಸ್ಟಿಕ್, ಸಸ್ಯಗಳ ಸಕ್ಕರೆಯಿಂದ ತಯಾರಾಗುವ ಪ್ಲಾಸ್ಟಿಕ್ಕಾದ ಪಿಎಲ್‌ಎ, ಇವುಗಳ ತುಂಡುಗಳು ವಾರಗಟ್ಟಲೆ ನನ್ನ ಮೇಜಿನ ಮೇಲಿದ್ದವು. ಎರಡು ವರ್ಷಗಳ ನಂತರ ಸಿದ್ಧವಾದ ಕೆಟಲಿನಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಅದರಲ್ಲಿರುವುದು ಸ್ಟೇನ್‌ಲೆಸ್ ಸ್ಟೀಲ್, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್, ಸ್ವಲ್ಪ ಸಿಲಿಕೋನ್ ರಬ್ಬರ್, ಗಾಜಿನ ಒಂದು ಪಟ್ಟಿ, ವಿದ್ಯುತ್ ಭಾಗಗಳು ಮತ್ತು ಹನ್ನೊಂದು ಸ್ಕ್ರೂಗಳು. ಈ ಬದಲಾವಣೆ ಹಂತಹಂತವಾಗಿ ಆದುದರಿಂದ, ಆದ ಕ್ರಮದಲ್ಲಿಯೇ ಅದನ್ನು ಬರೆಯುತ್ತಿದ್ದೇನೆ.

ಪಿಎಲ್‌ಎ ಬೇಗನೆ ಪಟ್ಟಿಯಿಂದ ಹೊರಬಿತ್ತು. ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಅದು ಮೆತ್ತಗಾಗತೊಡಗುತ್ತದೆ. ಅದರಿಂದ ಮಾಡಿದ ಮುಚ್ಚಳ ಮೊದಲ ಕುದಿತಕ್ಕೇ ಬಾಗಿತು. ಶಾಖವನ್ನು ತಾಳುವ ಬಗೆಗಳೂ ಇವೆ, ಆದರೆ ನನ್ನ ಆಕ್ಷೇಪ ಬೇರೆಡೆಗಿತ್ತು. ಪಿಎಲ್‌ಎ ಗೊಬ್ಬರವಾಗಬೇಕಾದರೆ ಕೈಗಾರಿಕಾ ಗೊಬ್ಬರ ಘಟಕದ ನಿಯಂತ್ರಿತ ಶಾಖ ಮತ್ತು ತೇವ ಬೇಕು. ತಂತಿ, ಸ್ವಿಚ್ಚು, ಲೋಹಗಳನ್ನು ಒಳಗಿಟ್ಟುಕೊಂಡ ಉಪಕರಣವನ್ನು ಅಂತಹ ಘಟಕಕ್ಕೆ ಯಾರೂ ಕಳುಹಿಸುವುದಿಲ್ಲ. ಕೊಳೆಯುವ ಗುಣವು ಲಘುವಾದ, ಒಮ್ಮೆ ಬಳಸಿ ಬಿಡುವ ವಸ್ತುವಿಗೆ ಅರ್ಥಪೂರ್ಣವಾದೀತು. ಹತ್ತು ವರ್ಷ ಬಿಸಿನೀರಿನ ಪಕ್ಕದಲ್ಲಿ ಗಟ್ಟಿಯಾಗಿ ನಿಲ್ಲಬೇಕಾದ ಭಾಗಕ್ಕೆ ಅದು ಬೇಕಾಗಿಲ್ಲ.

ಬಿದಿರಿನ ಮೇಲೆ ನನಗೆ ಹೆಚ್ಚು ಭರವಸೆಯಿತ್ತು. ಹಿಡಿಗೆ ಅದು ಎಲ್ಲ ರೀತಿಯಿಂದಲೂ ಒಪ್ಪುವಂತೆ ತೋರುತ್ತಿತ್ತು: ಬೇಗ ಬೆಳೆಯುತ್ತದೆ, ಗಟ್ಟಿಯಾಗಿದೆ, ಶಾಖವನ್ನು ಸುಲಭವಾಗಿ ಕೈಗೆ ಹರಿಸುವುದಿಲ್ಲ, ಮುಟ್ಟಲು ಹಿತವಾಗಿದೆ. ಆದರೆ ಕೆಟಲಿನ ಹಿಡಿ ಕೇವಲ ಹಿಡಿಯಲ್ಲ. ನೀರು ಕುದಿದಾಗ ತಾನಾಗಿಯೇ ಆರುವ ಕೆಟಲುಗಳಲ್ಲಿ, ಮುಚ್ಚಳದ ಬಳಿ ಸೇರುವ ಹಬೆ ಹೆಚ್ಚಾಗಿ ಹಿಡಿಯೊಳಗಿನ ಕೊಳವೆಯ ಮೂಲಕ ಇಳಿದು ಒಂದು ಪುಟ್ಟ ದ್ವಿಲೋಹ ಬಿಲ್ಲೆಯನ್ನು ತಾಗುತ್ತದೆ. ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದು ಮಾಡಿದ ಆ ಬಿಲ್ಲೆ ಬಿಸಿಯಾದೊಡನೆ ಥಟ್ಟನೆ ಮಗುಚಿ ಸ್ವಿಚ್ಚನ್ನು ಬಿಡಿಸುತ್ತದೆ. ಮುಚ್ಚಳ ತೆರೆದಿಟ್ಟರೆ ಕೆಟಲ್ ಆರದೆ ಕುದಿಯುತ್ತಲೇ ಇರುವುದು ಇದೇ ಕಾರಣಕ್ಕೆ. ಅಂದರೆ ಹಿಡಿಯ ಒಳಭಾಗವು ದಿನಕ್ಕೆ ಹಲವು ಬಾರಿ ಹಬೆಯಲ್ಲಿ ನೆನೆದು ಮತ್ತೆ ಒಣಗುತ್ತದೆ. ಹಿಡಿಯ ಆಕಾರಕ್ಕೆ ಬೇಕಾದ ದಪ್ಪ ಬಿದಿರಿನ ಟೊಳ್ಳು ಕಾಂಡದಲ್ಲಿ ಸಿಗದ ಕಾರಣ, ಸೀಳಿದ ಪಟ್ಟಿಗಳನ್ನು ಅಂಟಿನಿಂದ ಜೋಡಿಸಿದ ಹಲಗೆಯನ್ನು ಕಡೆದು ಬಳಸಿದ್ದೆ. ಕೆಲವು ನೂರು ಕುದಿತಗಳ ಪರೀಕ್ಷೆಯಲ್ಲಿ ಆ ಅಂಟಿನ ಸಾಲುಗಳೇ ಬಿರಿದವು. ಮೇಲೆ ದಪ್ಪ ವಾರ್ನಿಷ್ ಬಳಿದರೆ ಬಾಳಿಕೆ ಹೆಚ್ಚಾಗುತ್ತಿತ್ತು, ಆದರೆ ಆಗ ಅದು ಬಿದಿರು, ಅಂಟು, ವಾರ್ನಿಷ್ ಮೂರೂ ಬೇರ್ಪಡಿಸಲಾಗದಂತೆ ಸೇರಿದ ಮಿಶ್ರಣವಾಗುತ್ತಿತ್ತು. ಕರಗಿಸಲೂ ಆಗದು, ಕೊಳೆಯಿಸಲೂ ಆಗದು.

ಬಿದಿರಿನ ಪುಡಿಯನ್ನು ಮೆಲಮೈನ್ ರಾಳದಲ್ಲಿ ಬೆರೆಸಿ ಅಚ್ಚಿಗೆ ಹಾಕುವ ದಾರಿಯನ್ನು ನಾನು ಪ್ರಯತ್ನಿಸಲೇ ಇಲ್ಲ. ಅಂತಹ ಪಾತ್ರೆಗಳಲ್ಲಿ ಬಿಸಿ ಪದಾರ್ಥವನ್ನಿಟ್ಟಾಗ ಮೆಲಮೈನ್ ಮತ್ತು ಫಾರ್ಮಾಲ್ಡಿಹೈಡ್ ಹೊರಬರುವ ಬಗ್ಗೆ ಆತಂಕವಿದ್ದು, ಅನುಮತಿಯಿಲ್ಲದ ಇಂತಹ ಪಾತ್ರೆಗಳನ್ನು ಮಾರುಕಟ್ಟೆಯಿಂದ ತೆಗೆಸಲು ಐರೋಪ್ಯ ಒಕ್ಕೂಟವು 2021ರಲ್ಲಿ ವಿಶೇಷ ಕಾರ್ಯಾಚರಣೆಯನ್ನೇ ಕೈಗೊಂಡಿತ್ತು. ಅಗಸೆ ನಾರು ಬೆರೆಸಿದ ಪಾಲಿಪ್ರೊಪಿಲೀನ್ ಬೇರೊಂದು ಕಡೆ ಸೋತಿತು. ವಿದ್ಯುತ್ ಸಂಪರ್ಕಗಳ ಬಳಿಯ ಭಾಗಗಳು ಕಾದ ತಂತಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು: ಕೆಂಪಗೆ ಕಾದ ತಂತಿಯ ಕುಣಿಕೆಯನ್ನು ಮಾದರಿಗೆ 30 ಸೆಕೆಂಡು ಒತ್ತಿ ಹಿಡಿಯುತ್ತಾರೆ, ತೆಗೆದ ಮೇಲೆ 30 ಸೆಕೆಂಡಿನೊಳಗೆ ಉರಿ ತಾನಾಗಿಯೇ ನಂದಬೇಕು. ನಾರಿರುವ ಪ್ಲಾಸ್ಟಿಕ್ ಇದನ್ನು ದಾಟಬೇಕಾದರೆ ಬೆಂಕಿ ತಡೆಯುವ ರಾಸಾಯನಿಕಗಳನ್ನು ಧಾರಾಳವಾಗಿ ಸೇರಿಸಬೇಕು. ಹಾಗೆ ಸೇರಿಸಿದ ಮೇಲೆ ಅದನ್ನು ಸಹಜ ವಸ್ತುವೆಂದು ಕರೆಯಲು ನನಗೆ ಮನಸ್ಸು ಬರಲಿಲ್ಲ.

ಈ ಸೋಲುಗಳ ನಡುವೆ ಒಂದು ಸಂಜೆ ನಾನು ಮೊದಲೇ ಮಾಡಬೇಕಿದ್ದ ಲೆಕ್ಕಕ್ಕೆ ಕುಳಿತೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಸುಮಾರು 314 ಕಿಲೋಜೂಲ್ ಶಕ್ತಿ ಬೇಕು, ಅಂದರೆ 0.087 ಯೂನಿಟ್ ವಿದ್ಯುತ್. ಎರಡು ಲೋಟ ನೀರು ಬೇಕಾದಾಗ ಜನರು ಕೆಟಲನ್ನು ಮುಕ್ಕಾಲು ತುಂಬಿಸುವುದು ಸಾಮಾನ್ಯ. ಪ್ರತಿ ಬಾರಿ ಅರ್ಧ ಲೀಟರ್ ಹೆಚ್ಚುವರಿಯಾಗಿ ಕಾದು ವ್ಯರ್ಥವಾಗಿ ತಣಿಯುತ್ತದೆ ಎಂದಿಟ್ಟುಕೊಂಡರೆ, ದಿನಕ್ಕೆ ನಾಲ್ಕು ಬಾರಿಯಂತೆ ವರ್ಷಕ್ಕೆ 60 ಯೂನಿಟ್‌ಗಿಂತ ಹೆಚ್ಚು ವಿದ್ಯುತ್ ಪೋಲಾಗುತ್ತದೆ. ಇನ್ನೊಂದು ಕಡೆ, ಒಂದು ಕಿಲೋ ಸ್ಟೇನ್‌ಲೆಸ್ ಸ್ಟೀಲನ್ನು ಹೊಸದಾಗಿ ತಯಾರಿಸಲು ಸ್ಥೂಲವಾಗಿ 50ರಿಂದ 60 ಮೆಗಾಜೂಲ್, ಒಂದು ಕಿಲೋ ಪಾಲಿಪ್ರೊಪಿಲೀನಿಗೆ ಅದರ ಕಚ್ಚಾವಸ್ತುವಿನಲ್ಲಿರುವ ಶಕ್ತಿಯೂ ಸೇರಿ ಸುಮಾರು 80 ಮೆಗಾಜೂಲ್ ಬೇಕಾಗುತ್ತದೆ. ಅರ್ಧ ಕಿಲೋ ಸ್ಟೀಲ್ ಮತ್ತು 400 ಗ್ರಾಂ ಪ್ಲಾಸ್ಟಿಕ್ ಇರುವ ಕೆಟಲಿನ ಮೈಗೆ ಇದು ಹದಿನೇಳು ಯೂನಿಟ್ ಆಸುಪಾಸಿನಲ್ಲಿ ನಿಲ್ಲುತ್ತದೆ. ವಿದ್ಯುತ್ತನ್ನು ಉತ್ಪಾದಿಸಲು ತಗಲುವ ಇಂಧನದ ನಷ್ಟವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಮೈಯ ವಸ್ತುವಿನ ಇಡೀ ಶಕ್ತಿಯನ್ನು ಹೆಚ್ಚುವರಿ ನೀರು ಕೆಲವೇ ತಿಂಗಳಲ್ಲಿ ನುಂಗಿಬಿಡುತ್ತದೆ. ನಾನು ತಿಂಗಳುಗಟ್ಟಲೆ ಹಿಡಿಯ ಕೆಲವು ಗ್ರಾಂ ಪ್ಲಾಸ್ಟಿಕ್ಕಿನೊಂದಿಗೆ ಗುದ್ದಾಡುತ್ತಿದ್ದೆ. ನೀರಿನ ಮಟ್ಟದ ಗುರುತು ಎಲ್ಲಿರಬೇಕೆಂದು ಒಂದು ಗಂಟೆಯೂ ಯೋಚಿಸಿರಲಿಲ್ಲ.

ಅಲ್ಲಿಂದ ಕೆಲಸದ ದಿಕ್ಕು ಬದಲಾಯಿತು. ಪಾತ್ರೆಯ ವ್ಯಾಸವನ್ನು ಕಿರಿದಾಗಿಸಿ, ಹೀಟರನ್ನು ತಳದ ಕೆಳಗಿಟ್ಟು, ಕನಿಷ್ಠ ಮಟ್ಟವನ್ನು 250 ಮಿಲಿಲೀಟರಿಗೆ ಇಳಿಸಿದೆ. ಮಟ್ಟದ ಗೆರೆಗಳನ್ನು ಪಾತ್ರೆಯ ಒಳಗೋಡೆಯಲ್ಲಿ ಒತ್ತಿ ಮೂಡಿಸಿದರೆ ನೀರಿನ ಮಟ್ಟ ತೋರಿಸುವ ಗಾಜಿನ ಕಿಟಕಿಯೇ ಬೇಡ, ಸೋರುವ ಜಾಗವೊಂದು ಕಡಿಮೆಯಾಗುತ್ತದೆ ಎಂಬುದು ನನ್ನ ಎಣಿಕೆಯಾಗಿತ್ತು. ಆದರೆ ಮಾದರಿಯನ್ನು ಕೊಟ್ಟು ನೋಡಿದಾಗ ಬಹುತೇಕರು ಮುಚ್ಚಳವನ್ನೇ ತೆರೆಯದೆ ಮೂತಿಯಿಂದಲೇ ನೀರು ತುಂಬಿಸಿದರು. ಒಳಗಿನ ಗೆರೆ ಅವರ ಕಣ್ಣಿಗೆ ಬೀಳಲೇ ಇಲ್ಲ. ಆದ್ದರಿಂದ ಕಿಟಕಿ ಮರಳಿ ಬಂತು, ಅದರ ಮೇಲೆ ಮಿಲಿಲೀಟರಿನ ಬದಲು ಲೋಟಗಳ ಎಣಿಕೆ ಬಂತು.

ಇಡೀ ಪಾತ್ರೆಯನ್ನೇ ಶಾಖ ತಾಳುವ ಬೋರೋಸಿಲಿಕೇಟ್ ಗಾಜಿನಲ್ಲಿ ಮಾಡಿದರೆ ಮಟ್ಟ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ ಎಂದು ಆಲೋಚಿಸಿ ಒಂದು ಮಾದರಿಯನ್ನೂ ಮಾಡಿದ್ದೆ. ಆ ಗಾಜಿಗಿಂತ ಸ್ಟೀಲ್ ಶಾಖಕ್ಕೆ ಸುಮಾರು ಐದು ಪಟ್ಟು ಹೆಚ್ಚು ಹಿಗ್ಗುತ್ತದೆ. ಸ್ಟೀಲಿನ ತಳವನ್ನು ಗಾಜಿಗೆ ಕೂಡಿಸಲು ನನಗಿದ್ದ ದಾರಿ ಸಿಲಿಕೋನ್ ಅಂಟೊಂದೇ. ಹೀಟರ್ ಕೆಟ್ಟರೆ ಆ ಅಂಟನ್ನು ಕೊಯ್ಯದೆ ತಳವನ್ನು ಬಿಡಿಸಲಾಗದು, ಕೊಯ್ದ ಮೇಲೆ ಮನೆಯಲ್ಲಿ ಮತ್ತೆ ಕೂಡಿಸಲಾಗದು. ಗಾಜು ಎಷ್ಟು ಬಾರಿ ಬೇಕಾದರೂ ಕರಗಬಲ್ಲದು ಎಂಬ ಮಾತು ಅಂಟು ಮೆತ್ತಿದ ಗಾಜಿಗೆ ಅನ್ವಯಿಸುವುದಿಲ್ಲ. ಆ ಮಾದರಿಯನ್ನು ಬದಿಗಿಟ್ಟ ದಿನವೇ ಈ ಕೆಟಲಿನಲ್ಲಿ ಎಲ್ಲಿಯೂ ಅಂಟು ಇರಬಾರದು ಎಂಬ ನಿಯಮವನ್ನು ನನಗೆ ನಾನೇ ಹಾಕಿಕೊಂಡೆ. ವಸ್ತುವಿನ ಹೆಸರಿಗಿಂತ ಅದರ ಜೋಡಣೆ ಮುಖ್ಯವೆಂಬುದು ನನಗೆ ಮನವರಿಕೆಯಾದದ್ದು ಅಲ್ಲಿ.

ಪಾತ್ರೆಗೆ ಯಾವ ಸ್ಟೀಲ್ ಎಂಬುದೂ ಸುಲಭದ ತೀರ್ಮಾನವಾಗಿರಲಿಲ್ಲ. 430 ಎಂಬ ದರ್ಜೆಯಲ್ಲಿ ನಿಕ್ಕಲ್ ಇರುವುದಿಲ್ಲ. ನಿಕ್ಕಲಿನ ಗಣಿಗಾರಿಕೆಯ ಹೊರೆ ಅಲ್ಲಿ ತಪ್ಪುತ್ತದೆ, ಅಯಸ್ಕಾಂತಕ್ಕೆ ಅಂಟುವುದರಿಂದ ಗುಜರಿಯಲ್ಲಿ ಬೇರ್ಪಡಿಸುವುದೂ ಸರಳ. 304 ದರ್ಜೆಯಲ್ಲಿ ಸುಮಾರು 18 ಪ್ರತಿಶತ ಕ್ರೋಮಿಯಂ ಜೊತೆ 8 ಪ್ರತಿಶತ ನಿಕ್ಕಲ್ ಇದೆ. ಕಾಗದದ ಮೇಲೆ 430 ಗೆಲ್ಲುತ್ತದೆ. ಆದರೆ ಗಡಸು ನೀರು ಬಿಡುವ ಸುಣ್ಣದ ಪದರದಡಿಯಲ್ಲಿ, ಕ್ಲೋರೈಡ್ ಇರುವ ನೀರಿನಲ್ಲಿ ಅದಕ್ಕೆ ಚುಕ್ಕಿ ತುಕ್ಕು ಬೇಗ ಹಿಡಿಯುತ್ತದೆ, ಬೆಸುಗೆಯ ಸಾಲಿನಲ್ಲಿ ಕಣಗಳು ದಪ್ಪಗಾಗಿ ಲೋಹ ಪೆಡಸಾಗುತ್ತದೆ. ಪಾತ್ರೆ ಇಪ್ಪತ್ತು ವರ್ಷ ಬಾಳಬೇಕೆಂಬುದು ನನ್ನ ಗುರಿಯಾಗಿದ್ದರಿಂದ 304ನ್ನೇ ಆರಿಸಿದೆ. ಐದು ವರ್ಷದ ಪಾತ್ರೆಯಾಗಿದ್ದರೆ ತೀರ್ಮಾನ ಬೇರೆಯಾಗುತ್ತಿತ್ತು.

ಹಿಡಿ, ಮುಚ್ಚಳ ಮತ್ತು ಪೀಠ ಪಾಲಿಪ್ರೊಪಿಲೀನಿನವು. ಅದು ಕರಗುವುದು 160 ಡಿಗ್ರಿಯ ಆಚೆ, ಹಬೆಗೆ ಜಗ್ಗುವುದಿಲ್ಲ. ನೀರು ಮತ್ತು ಹಬೆ ತಾಗುವ ಭಾಗಗಳಿಗೆ ಆಹಾರ ಸಂಪರ್ಕಕ್ಕೆ ಅನುಮತಿಯಿರುವ ಹೊಸ ಪ್ಲಾಸ್ಟಿಕ್ ಅನಿವಾರ್ಯವಾಯಿತು. ವಿದ್ಯುತ್ ಸಂಪರ್ಕವನ್ನು ಹೊರುವ ಪುಟ್ಟ ತುಂಡುಗಳಿಗೆ ಬೇರೆ ದರ್ಜೆ ಬೇಕಾಯಿತು. ಮರುಬಳಕೆಯದನ್ನು ಪೀಠದ ಹೊರಕವಚಕ್ಕೆ ಮಾತ್ರ ಬಳಸಿದೆ. ಮರುಬಳಕೆಯ ಪ್ಲಾಸ್ಟಿಕ್ಕಿನ ಬಣ್ಣ ಒಂದೊಂದು ಕಂತಿಗೆ ಒಂದೊಂದು ರೀತಿ ಇರುವುದರಿಂದ ಅದನ್ನು ಕಪ್ಪಾಗಿಸಿ ಮರೆಮಾಚುವುದು ರೂಢಿ. ಆದರೆ ಕಪ್ಪಿಗೆ ಬಳಸುವ ಇಂಗಾಲದ ಪುಡಿ ಅವಗೆಂಪು ಬೆಳಕನ್ನು ಹೀರಿಬಿಡುತ್ತದೆ. ಆ ಬೆಳಕಿನಿಂದಲೇ ಪ್ಲಾಸ್ಟಿಕ್ಕಿನ ಜಾತಿ ಗುರುತಿಸುವ ಯಂತ್ರಗಳಿಗೆ ಅಂತಹ ತುಂಡು ಕಾಣುವುದೇ ಇಲ್ಲ. ಹೀಗಾಗಿ ನಾನು ಬೂದು ಬಣ್ಣವನ್ನು ಒಪ್ಪಿಕೊಂಡೆ, ಮೇಲ್ಮೈಯನ್ನು ತುಸು ಒರಟಾಗಿಸಿ ಬಣ್ಣದ ಸಣ್ಣ ವ್ಯತ್ಯಾಸಗಳನ್ನು ಮೃದುವಾಗಿಸಿದೆ. ಹಿಡಿಗೆ ಮೆತ್ತನೆಯ ರಬ್ಬರಿನ ಹೊದಿಕೆ, ಕ್ರೋಮ್ ಲೇಪದ ಅಲಂಕಾರದ ಪಟ್ಟಿ, ಈ ಎರಡು ಸಲಹೆಗಳನ್ನೂ ಮರುಬಳಕೆಗೆ ಅಡ್ಡಿಯಾಗುತ್ತವೆಂಬ ಕಾರಣಕ್ಕೇ ಬಿಟ್ಟೆ.

ಅಂಟು ಬೇಡವೆಂದ ಮೇಲೆ ಉಳಿದದ್ದು ಸ್ಕ್ರೂ ಮತ್ತು ಒತ್ತಿ ಕೂರಿಸುವ ಕೊಕ್ಕೆ. ಕೊಕ್ಕೆಗಳು ಜೋಡಣೆಗೆ ವೇಗ ಕೊಡುತ್ತವೆ, ಆದರೆ ಬಿಚ್ಚುವಾಗ ಮುರಿಯುತ್ತವೆ. ಯಾವುದು ಮೊದಲು ಕೆಡುತ್ತದೆ ಎಂಬ ಪ್ರಶ್ನೆಯಿಂದ ನಾನು ಸ್ಕ್ರೂಗಳ ಜಾಗವನ್ನು ನಿರ್ಧರಿಸಿದೆ. ನಾನು ಬಳಸಿದ ಸ್ವಿಚ್ಚು 10,000 ಬಾರಿ ಕೆಲಸ ಮಾಡುವಂತೆ ರೂಪಿಸಿದ್ದು. ದಿನಕ್ಕೆ ನಾಲ್ಕು ಕುದಿತಗಳಾದರೆ ಅದರ ಆಯುಷ್ಯ ಏಳು ವರ್ಷವೂ ತುಂಬದು. ಇಪ್ಪತ್ತು ವರ್ಷದ ಪಾತ್ರೆಯನ್ನು ಏಳು ವರ್ಷದ ಸ್ವಿಚ್ಚಿಗೆ ಶಾಶ್ವತವಾಗಿ ಕಟ್ಟಿಹಾಕಿದರೆ ಕೆಟಲಿನ ಆಯುಷ್ಯವೂ ಏಳೇ. ಹಾಗಾಗಿ ತಳದ ಮೂರು ಸ್ಕ್ರೂ ತೆಗೆದರೆ ಸ್ವಿಚ್ಚು ಪೂರ್ತಿಯಾಗಿ ಕೈಗೆ ಬರುತ್ತದೆ. ಹೀಟರಿನ ಬಿಲ್ಲೆಯನ್ನು ಪಾತ್ರೆಗೆ ಬೆಸೆಯದೆ, ನೀರು ಸೋರದಂತೆ ತಡೆಯುವ ಸಿಲಿಕೋನ್ ಗ್ಯಾಸ್ಕೆಟ್ಟಿನ ಮೇಲೆ ಒಂದು ಬಳೆ ಮತ್ತು ನಾಲ್ಕು ಸ್ಕ್ರೂಗಳಿಂದ ಬಿಗಿದಿದ್ದೇನೆ. ಉಳಿದ ನಾಲ್ಕು ಹಿಡಿಯದು. ಹಿಡಿಯ ಚೌಕಟ್ಟೇ ಕಿಟಕಿಯ ಗಾಜನ್ನು ಅದರ ಗ್ಯಾಸ್ಕೆಟ್ಟಿಗೆ ಒತ್ತಿ ಹಿಡಿಯುತ್ತದೆ. ಎಲ್ಲವೂ ಒಂದೇ ಅಳತೆಯ ಸಾಧಾರಣ ನಕ್ಷತ್ರ ತಲೆಯ ಸ್ಕ್ರೂಗಳು. ಮೊದಲ ಮಾದರಿಗಳಲ್ಲಿ ನಾಲ್ಕಾರು ಬಾರಿ ಬಿಚ್ಚಿ ಬಿಗಿದಾಗ ಪ್ಲಾಸ್ಟಿಕ್ಕಿನಲ್ಲಿ ಸ್ಕ್ರೂವನ್ನು ಹಿಡಿಯುವ ಸುರುಳಿ ಎಳೆಗಳು ಸವೆದವು. ಸ್ಕ್ರೂ ಹಿಡಿಯುವ ಹಿತ್ತಾಳೆಯ ಪುಟ್ಟ ಕೊಳವೆಯನ್ನು (ಬುಶ್) ಹುದುಗಿಸುವ ಬದಲು ಸ್ಕ್ರೂ ಕೂರುವ ಕಂಬವನ್ನು ಉದ್ದ ಮಾಡಿ, ಅಗಲ ಎಳೆಗಳ ಸ್ಕ್ರೂ ಬಳಸಿದ ಮೇಲೆ ಆ ತೊಂದರೆ ನೀಗಿತು.

ಗ್ಯಾಸ್ಕೆಟ್ಟಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಉಳಿದು ಅಲ್ಲಿ ಸುಣ್ಣ ಕಟ್ಟುತ್ತದೆ ಎಂಬುದು ಈ ಜೋಡಣೆಯ ನಿಜವಾದ ಕೊರತೆ. ಬೆಸೆದ ತಳ ಇದಕ್ಕಿಂತ ಸ್ವಚ್ಛವಾಗಿರುತ್ತದೆ. ಗ್ಯಾಸ್ಕೆಟ್ಟನ್ನು ಒಳಗಿನಿಂದ ಉಜ್ಜಲು ಸಾಧ್ಯವಾಗುವಂತೆ ಅಂಚನ್ನು ಓರೆಯಾಗಿಸಿದ್ದೇನೆ, ಆದರೂ ಕಾಲಕಾಲಕ್ಕೆ ಆಮ್ಲೀಯ ದ್ರಾವಣದಿಂದ ತೊಳೆಯುವುದು ತಪ್ಪದು.

ಕೊನೆಯ ಮಾದರಿಯನ್ನು ಅದನ್ನು ಹಿಂದೆಂದೂ ನೋಡಿರದ ಸಹೋದ್ಯೋಗಿಯೊಬ್ಬರಿಗೆ ಒಂದು ಸ್ಕ್ರೂಡ್ರೈವರ್ ಸಹಿತ ಕೊಟ್ಟು, ಮಾತಾಡದೆ ಪಕ್ಕದಲ್ಲಿ ಕುಳಿತೆ. ಅವರು ಸ್ವಿಚ್ಚು ಬದಲಿಸಿ, ಗ್ಯಾಸ್ಕೆಟ್ ತೆಗೆದು ತಿರುಗಿ ಕೂರಿಸಿ, ನೀರು ತುಂಬಿಸಿ ಕುದಿಸಿದರು. ಒಂದು ಹನಿಯೂ ಸೋರಲಿಲ್ಲ. ಆನಂತರ ಬಿಚ್ಚಿದ ಭಾಗಗಳನ್ನು ವಸ್ತುವಿಗೆ ಅನುಗುಣವಾಗಿ ರಾಶಿ ಮಾಡುವಂತೆ ಕೇಳಿದೆ. ಸ್ಟೀಲ್, ಪ್ಲಾಸ್ಟಿಕ್, ಗಾಜು, ಸಿಲಿಕೋನ್, ತಂತಿ ಎಲ್ಲವೂ ತಮ್ಮತಮ್ಮ ಜಾಗ ಸೇರಿದವು. ಹೀಟರಿನ ಬಿಲ್ಲೆಯೊಂದು ಮಾತ್ರ ಅವರ ಕೈಯಲ್ಲಿ ಉಳಿಯಿತು. ಅದರ ಸ್ಟೀಲಿನ ಹಿಂಬದಿಗೆ ಶಾಖ ಹರಡುವ ಅಲ್ಯುಮಿನಿಯಂ ತಟ್ಟೆಯನ್ನು ಕಾಸಿ ಬೆಸೆಯಲಾಗಿದೆ. ಸ್ಟೀಲಿನ ಕುಲುಮೆಗೆ ಹೋದರೆ ಆ ಅಲ್ಯುಮಿನಿಯಂ ಕಿಟ್ಟದಲ್ಲಿ ಕಳೆದುಹೋಗುತ್ತದೆ. ಅಲ್ಯುಮಿನಿಯಂ ತಟ್ಟೆಯೇ ಇಲ್ಲದೆ, ಸ್ಟೀಲಿನ ಮೇಲೆ ಗಾಜಿನಂತಹ ನಿರೋಧಕ ಪದರವನ್ನಿಟ್ಟು ಅದರ ಮೇಲೆ ಹೀಟರಿನ ಜಾಡನ್ನು ಮುದ್ರಿಸುವ ವಿಧಾನವೊಂದಿದೆ, ಆದರೆ ಆ ಮುದ್ರಣದ ಮಸಿಯಲ್ಲಿ ಬೆಳ್ಳಿ ಬೇಕಾಗುತ್ತದೆ. ಆ ಬಗೆಯ ಎರಡು ಬಿಲ್ಲೆಗಳನ್ನು ಈಗ ಕುದಿತದ ಪರೀಕ್ಷೆಗೆ ಇಟ್ಟಿದ್ದೇನೆ.