ಯುನಿಕಾರ್ನ್ ಸಿಕ್ಕರೆ ಬಿಡಬೇಡಿ

ಹಳೆಯ ಗೃಹ ಕಂಪ್ಯೂಟರ್ ಕೊಳ್ಳುವ ಮುನ್ನ ಮೇಲ್ಹೊದಿಕೆ ಬಿಚ್ಚಿಸಿ ನೋಡಿ. ಮಾರುವವನು ಒಪ್ಪದಿದ್ದರೆ ಎದ್ದು ಬನ್ನಿ. ಕಾರವಾರದ ನಮ್ಮ ಮನೆಯಲ್ಲಿ ಮೂರು ಮಳೆಗಾಲ ಅಟ್ಟದ ಮೇಲಿದ್ದ ಒಂದು ಯಂತ್ರದಲ್ಲಿ ಚಿಪ್‌ಗಳ ಕಾಲು ಕಿಲುಬು ಹಿಡಿದು, ಸಾಕೆಟ್‌ನಿಂದ ಎತ್ತುತ್ತಲೇ ಎರಡು ಮುರಿದವು. ತಪ್ಪು ನನ್ನದೇ; ಉಪ್ಪುಗಾಳಿಯ ಊರಿನಲ್ಲಿ ಅದನ್ನು ಬರಿಯ ರಟ್ಟಿನ ಪೆಟ್ಟಿಗೆಯಲ್ಲಿಟ್ಟಿದ್ದೆ.

ಇನ್ನು ಅಸಲಿಯೋ, ಪರವಾನಗಿ ಪಡೆದ ತದ್ರೂಪೋ ಎಂಬ ಪ್ರಶ್ನೆ. ಬ್ರಿಟನ್ನಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ 1981ರದು. ಅದರ 'ಮಾಡೆಲ್ ಬಿ' ಮಾದರಿಗೆ 32 ಕಿಲೋಬೈಟ್ ಸ್ಮರಣೆ. ಅದನ್ನೇ ಪರವಾನಗಿ ಪಡೆದು ನಮ್ಮ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ 'ಯುನಿಕಾರ್ನ್' ಎಂಬ ಹೆಸರಿನಲ್ಲಿ ತಯಾರಿಸಿತು. ನಾನಂತೂ ಯುನಿಕಾರ್ನನ್ನೇ ಆರಿಸುತ್ತೇನೆ. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ 1984ರ 'ಕ್ಲಾಸ್' ಯೋಜನೆಯಲ್ಲಿ ನಮ್ಮ ಶಾಲೆಗಳಿಗೆ ಬಿಬಿಸಿ ಮೈಕ್ರೋ ಬಂದಿತ್ತಲ್ಲ, ಆ ಕಥೆಗೆ ಸೇರಿದ ಯಂತ್ರ ಅದು.

ಆದರೆ ಪರವಾನಗಿ ಇದ್ದ ಮಾತ್ರಕ್ಕೆ ಎಲ್ಲವೂ ಅಸಲಿಯಂತೆ ನಡೆಯುವುದಿಲ್ಲ. ಬ್ರಿಟನ್ನಿನ ಸಿಂಕ್ಲೇರ್ ಕಂಪನಿಯ ಗೃಹ ಕಂಪ್ಯೂಟರ್ ಸ್ಪೆಕ್ಟ್ರಮ್‌ನ ಪರವಾನಗಿ ಪಡೆದ ರೂಪವಾದ ಅಮೆರಿಕದ ಟೈಮೆಕ್ಸ್ ಸಿಂಕ್ಲೇರ್ 2068ರಲ್ಲಿ ರಾಮ್ ಬದಲಾಗಿರುವುದರಿಂದ ಸ್ಪೆಕ್ಟ್ರಮ್‌ನ ಬಹುಪಾಲು ತಂತ್ರಾಂಶ ಓಡುವುದಿಲ್ಲ. (ಇಲ್ಲಿ ರಾಮ್ ಎಂದರೆ ಅಳಿಯದ ಸ್ಮರಣೆ, ಆರ್‌ಓಎಂ.) ಮೇಲಾಗಿ ಅದರ ಅಡಾಪ್ಟರ್ ಅಲ್ಲಿನ 120 ವೋಲ್ಟ್‌ನದು, ನಮ್ಮ 230ಕ್ಕೆ ನೇರವಾಗಿ ಚುಚ್ಚಿದರೆ ಸುಟ್ಟೇಹೋಗುತ್ತದೆ.

ಮನೆಗೆ ತಂದೊಡನೆ ಸ್ವಿಚ್ ಒತ್ತಬೇಡಿ. ಪವರ್ ಸಪ್ಲೈಯೊಳಗಿನ ಹಳೆಯ ಫಿಲ್ಟರ್ ಕೆಪಾಸಿಟರ್ ಬಿರುಕುಬಿಟ್ಟಿದ್ದರೆ ಕೋಣೆ ತುಂಬ ಹೊಗೆ. ತಿಳಿದವರಿಂದ ಮೊದಲು ಬದಲಾಯಿಸಿ. ಜೂನ್‌ಗೆ ಮುಂಚೆ ಯಂತ್ರವನ್ನು ತೇವ ಹೀರುವ ಸಿಲಿಕಾ ಜೆಲ್ ಚೀಲಗಳೊಡನೆ ಬಿಗಿ ಮುಚ್ಚಳದ ಡಬ್ಬಿಗೆ ಸೇರಿಸಿ.